ಏರು ಗುಂಡಿ ಒತ್ತಿದರೆ ಏರುತ್ತಿತ್ತು: ಶಹಾಬಾದಿನ ಫರಸಿ ಶೆಡ್ಡಿನ ಒಂದು ಹಾಯಿಸ್ಟ್ ಪ್ರಕರಣ

"ಹಾಯಿಸ್ಟಿನ ಗಿಯರ್ ಬಾಕ್ಸ್ ಕೈಕೊಟ್ಟಿದೆ, ಬಂದು ಬಿಚ್ಚಿ ನೋಡಿ" ಎಂದು ಮಾಲೀಕರ ಫೋನ್ ಬಂದದ್ದು ಕೆಲವು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳಿನಲ್ಲಿ. ಭಾರ ಎತ್ತುವಾಗ ಟಕ್ ಟಕ್ ಎಂದು ಸದ್ದು ಬರುತ್ತದೆ, ಎತ್ತುವುದೇನೋ ಎತ್ತುತ್ತದೆ ಎಂದರು. ನಾನು ಹಾಯಿಸ್ಟಿನಂಥ ಭಾರ ಎತ್ತುವ ಯಂತ್ರಗಳ ದುರಸ್ತಿ ಮಾಡುವವನು. ಗಿಯರ್ ಬಾಕ್ಸ್ ಬಿಚ್ಚಲು ಬೇಕಾದ ಪಾನಾ, ಪುಲ್ಲರ್, ಎಣ್ಣೆ ಎಲ್ಲವನ್ನೂ ಕಟ್ಟಿಕೊಂಡು ಕಲಬುರಗಿಯಿಂದ ಹೊರಟೆ. ಅಂದು ಸಂಜೆಯವರೆಗೂ ಆ ಪುಲ್ಲರ್ ಚೀಲದಿಂದ ಹೊರಗೆ ಬರಲಿಲ್ಲ.

ಘಟಕ ದೊಡ್ಡದಲ್ಲ. ಶಹಾಬಾದ್ ಕಲ್ಲನ್ನು ಅಳತೆಗೆ ಕೊಯ್ದು ಹೊಳಪು ಕೊಡುವ ಹದಿನಾಲ್ಕು ಜನರ ಶೆಡ್ಡು. ಭೀಮಾ ಸೀಮೆಯ ಈ ಸುಣ್ಣಕಲ್ಲು ನೆಲದಿಂದ ಪದರ ಪದರವಾಗಿ ಏಳುತ್ತದೆ. ಹಾಗಾಗಿಯೇ ನಮ್ಮ ಕಡೆಯ ಮನೆ, ಮಠ, ಶಾಲೆಗಳ ನೆಲಕ್ಕೆಲ್ಲ ಅದೇ ಫರಸಿ. ಕೊಯ್ಯುವಾಗಲೂ ಉಜ್ಜುವಾಗಲೂ ನೀರು ಬಿಡುತ್ತಾರೆ. ಆ ನೀರು ಕಲ್ಲಿನ ಹುಡಿಯೊಂದಿಗೆ ಸೇರಿ ಬೂದು ಬಣ್ಣದ ಕೆಸರಾಗಿ ಎಲ್ಲೆಡೆ ಸಿಡಿಯುತ್ತದೆ, ಬಿಸಿಲಿಗೆ ಒಣಗಿ ಗಾರೆಯಂತೆ ಗಟ್ಟಿಯಾಗುತ್ತದೆ. ಐದು ಮೀಟರ್ ಎತ್ತರದ ಬೀಮಿನ ಮೇಲೆ ಓಡಾಡುವ ಒಂದು ಟನ್ ಸಾಮರ್ಥ್ಯದ ಎಲೆಕ್ಟ್ರಿಕ್ ಚೈನ್ ಹಾಯಿಸ್ಟ್ ಈ ಕೆಸರಿನ ನಡುವೆಯೇ ದಿನವಿಡೀ ದುಡಿಯುತ್ತಿತ್ತು. ಕಬ್ಬಿಣದ ಚೌಕಟ್ಟಿನಲ್ಲಿ ಫರಸಿಗಳನ್ನು ನಿಲ್ಲಿಸಿ, ಕೈಬಂಡಿಯಿಂದ ಎತ್ತಿ, ಪಾಲಿಶ್ ಯಂತ್ರದ ಪಕ್ಕದ ಕಟ್ಟೆಗೆ ಇಳಿಸುವುದು ಅದರ ಕೆಲಸ. 1.5 ಕಿಲೋವ್ಯಾಟ್ ಮೋಟಾರು, ಮೂರು ಫೇಸ್, ಒಂಟಿ ಎಳೆಯ ಸರಪಳಿ. ಕೊಂಡು ಮೂರು ವರ್ಷವಾಗಿತ್ತು.

ಹಾಯಿಸ್ಟ್ ನಡೆಸುವವರನ್ನು ಶೆಡ್ಡಿನಲ್ಲಿ ಎಲ್ಲರೂ ಕಾಕಾ ಎನ್ನುತ್ತಾರೆ. ನಾನೂ ಹಾಗೆಯೇ ಕರೆದೆ. ಯಂತ್ರವನ್ನು ಮುಟ್ಟುವ ಮೊದಲು ಅದನ್ನು ನಡೆಸುವವರ ಮಾತು ಕೇಳಬೇಕೆಂಬುದು ನನ್ನ ರೂಢಿ.

"ಕಾಕಾ, ಸದ್ದು ಯಾವಾಗ ಬರುತ್ತದೆ? ಖಾಲಿ ಇದ್ದಾಗಲೂ ಬರುತ್ತದೆಯೇ?"

"ಖಾಲಿ ಇದ್ದರೆ ಇಲ್ಲ ಸರ್. ಭಾರ ಹಾಕಿದರೂ ಮೊದಲು ಇಲ್ಲ. ಮಾಲು ಬಂಡಿಯಿಂದ ಎದ್ದು ನನ್ನ ಎದೆಮಟ್ಟಕ್ಕೆ ಬರುವಾಗ ಟಕ್, ಟಕ್. ಅದನ್ನು ದಾಟಿದರೆ ಮತ್ತೆ ಸುಮ್ಮನಾಗುತ್ತದೆ."

ಗಿಯರಿನ ಹಲ್ಲು ಮುರಿದಿದ್ದರೆ ಸದ್ದು ಕೊಕ್ಕೆಯ ಎತ್ತರವನ್ನು ನೋಡಿಕೊಂಡು ಬರುವುದಿಲ್ಲ. ಗಿಯರ್ ಸುತ್ತುವಾಗಲೆಲ್ಲ ಬರುತ್ತದೆ. ಒಂದೇ ಎತ್ತರದಲ್ಲಿ ಬರುವ ಸದ್ದು ಸರಪಳಿಯದು. ಕಾಕಾ ಹೇಳಿದ ಆ ಎದೆಮಟ್ಟದ ಮಾತು ನನ್ನ ಅರ್ಧ ದಿನದ ಕೆಲಸವನ್ನು ಉಳಿಸಿತು.

ಕಂಬದ ಮೇಲಿದ್ದ, ಕರೆಂಟ್ ಕಡಿಯುವ ಐಸೊಲೇಟರ್ ಆರಿಸಿ, ಬೀಗ ಹಾಕಿ, ಕೀಲಿಯನ್ನು ನನ್ನ ಜೇಬಿಗೆ ಹಾಕಿಕೊಂಡು ಏಣಿ ಹತ್ತಿದೆ. ಕೀಲಿ ಏಣಿಯ ಮೇಲಿರುವವನ ಜೇಬಿನಲ್ಲೇ ಇರಬೇಕು. ಕೆಳಗೆ ನಿಂತವರ ಕೈಯಲ್ಲಿರಬಾರದು.

ಸರಪಳಿ 7.1 ಮಿಲಿಮೀಟರ್ ದಪ್ಪದ್ದು, ಒಂದೊಂದು ಕೊಂಡಿಯ ಒಳ ಉದ್ದ 21 ಮಿಲಿಮೀಟರ್. ಹಾಯಿಸ್ಟಿನ ಸರಪಳಿಯನ್ನು ಒಂದೊಂದು ಕೊಂಡಿಯಾಗಿ ಅಳೆದರೆ ಸವಕಳಿ ಕಣ್ಣಿಗೆ ಬೀಳುವುದಿಲ್ಲ. ಹನ್ನೊಂದು ಕೊಂಡಿಗಳನ್ನು ಬಿಗಿಯಾಗಿ ನಿಲ್ಲಿಸಿ ಒಟ್ಟಿಗೆ ಅಳೆಯಬೇಕು. ಹೊಸದಾಗಿದ್ದಾಗ 231 ಮಿಲಿಮೀಟರ್ ಇರಬೇಕು. ಈ ಹಾಯಿಸ್ಟಿನ ಕೈಪಿಡಿ ಶೇಕಡಾ 2ರಷ್ಟು ಹಿಗ್ಗುವವರೆಗೆ ಒಪ್ಪುತ್ತದೆ, ಅಂದರೆ 235.6. ಅದನ್ನು ದಾಟಿದ ಸರಪಳಿಯನ್ನು ತೆಗೆದುಹಾಕಬೇಕು.

ಕೊಕ್ಕೆಯ ಹತ್ತಿರ ಅಳೆದೆ: 231.8. ಮಿಕ್ಕ ಸರಪಳಿ ತುಂಬಿಕೊಳ್ಳುವ ಚೀಲದೊಳಗೆ ಬಿದ್ದಿರುವ ತುದಿಯ ಬಳಿ: 231.2. ಎರಡೂ ಚೆನ್ನಾಗಿವೆ. ಮಾಲೀಕರು ಕೆಳಗಿನಿಂದ "ನೋಡಿದಿರಾ, ಸರಪಳಿ ಹೊಸದೇ ಇದೆ" ಎಂದರು. ಅವರ ಮಾತು ಸುಳ್ಳಲ್ಲ, ಆದರೆ ನಾನು ಅಳೆದದ್ದು ದುಡಿಯದ ಸರಪಳಿಯನ್ನು. ಈ ಶೆಡ್ಡಿನಲ್ಲಿ ಭಾರ ಹೊತ್ತ ಕೊಕ್ಕೆ ನೆಲದಿಂದ ಒಂದೂವರೆ ಮೀಟರಿನಿಂದ 2.7 ಮೀಟರಿನವರೆಗೆ ಮಾತ್ರ ಓಡಾಡುತ್ತದೆ. ಹಾಯಿಸ್ಟಿನ ತಳ 4.4 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ, ಭಾರ ಹೊತ್ತು ಹಾಯಿಸ್ಟಿನೊಳಗಿನ ಚಕ್ರದ ಮೇಲೆ ಮತ್ತೆ ಮತ್ತೆ ಬಾಗುವುದು ಕೊಕ್ಕೆಯಿಂದ 1.7 ಮತ್ತು 2.9 ಮೀಟರ್ ನಡುವಿನ ಸರಪಳಿ ಮಾತ್ರ. ಮೂರು ವರ್ಷ ದಿನಕ್ಕೆ ನೂರಾರು ಸಲ ಅದೇ ಭಾಗ, ಅದೇ ಕೊಂಡಿಗಳು.

ಅಲ್ಲಿ ಅಳೆದಾಗ ವರ್ನಿಯರ್ 237.4 ತೋರಿಸಿತು. ಮೂರು ಸಲ ಅಳೆದೆ. ಮೂರು ಸಲವೂ ಅದೇ.

ಒಂದು ಕೊಂಡಿಯನ್ನು ಪಕ್ಕದ ಕೊಂಡಿಯಿಂದ ಸರಿಸಿ ಅವು ಕೂಡುವ ಜಾಗವನ್ನು ಟಾರ್ಚ್ ಬೆಳಕಿನಲ್ಲಿ ನೋಡಿದೆ. ಹೊರಗೆಲ್ಲ ಬೂದು ಹುಡಿಯ ಹೊದಿಕೆ, ಆದರೆ ಕೂಡುವ ಜಾಗ ಮಾತ್ರ ಬೆಳ್ಳಿಯ ಕಾಲುಂಗುರದಂತೆ ಹೊಳೆಯುತ್ತಿತ್ತು, ನಡುವೆ ಸಣ್ಣ ತಗ್ಗು. ಅಲ್ಲಿನ ದಪ್ಪ 6.8 ಮಿಲಿಮೀಟರ್. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ದಪ್ಪದ ಮಿತಿ ಶೇಕಡಾ 10ರಷ್ಟು, ಅಂದರೆ ಸುಮಾರು 6.4ರವರೆಗೆ ಅವಕಾಶವಿದೆ. ದಪ್ಪವನ್ನಷ್ಟೇ ಅಳೆದವರು ಇದನ್ನು ಪಾಸು ಮಾಡಿಬಿಡುತ್ತಾರೆ. ಆದರೆ ಪ್ರತಿ ಕೂಡುವಿಕೆಯಲ್ಲಿ ಎರಡು ಕೊಂಡಿಗಳೂ ಸವೆಯುತ್ತವೆ. ಒಂದೊಂದರಲ್ಲಿ ಕಾಲು ಮಿಲಿಮೀಟರ್ ಸವೆದರೂ ಹನ್ನೊಂದು ಕೊಂಡಿಗಳಲ್ಲಿ ಆರು ಮಿಲಿಮೀಟರಿನ ಹತ್ತಿರ ಬಂದುಬಿಡುತ್ತದೆ. ಉದ್ದವೇ ಮೊದಲು ಸೋಲುತ್ತದೆ. ಜೊತೆಗೆ ಈ ಸರಪಳಿಯ ಮೇಲ್ಮೈಗೆ ಗಟ್ಟಿತನದ ಒಂದು ತೆಳುವಾದ ಪದರ ಕೊಟ್ಟಿರುತ್ತಾರೆ. ಅದು ಸವೆದು ಹೋದ ಮೇಲೆ ಒಳಗಿನ ಮೆದು ಉಕ್ಕು ಬೇಗ ಕರಗುತ್ತದೆ.

ಸದ್ದಿನ ಕಾರಣವೂ ಅಲ್ಲಿಯೇ ಸಿಕ್ಕಿತು. ಹಾಯಿಸ್ಟಿನೊಳಗೆ ಸರಪಳಿಯನ್ನು ಎಳೆಯುವ ಚಕ್ರದಲ್ಲಿ ಕೊಂಡಿಗಳು ಕೂರುವ ಗೂಡುಗಳಿವೆ, 21 ಮಿಲಿಮೀಟರಿನ ಕೊಂಡಿಗೆ ಸರಿಯಾಗಿ ಕೊರೆದವು. ಹಿಗ್ಗಿದ ಕೊಂಡಿ ಗೂಡಿನಲ್ಲಿ ಪೂರ್ತಿ ಕೂರದೆ ಅಂಚನ್ನು ಹತ್ತಿ, ಭಾರ ಬಿದ್ದಾಗ ಟಕ್ ಎಂದು ಒಳಗೆ ಜಾರುತ್ತದೆ. ಆ ಒಂದೊಂದು ಜಾರಿಕೆಯೂ ಒಂದು ಟನ್ ಭಾರದ ಜಗ್ಗು. ಅದು ಚಕ್ರದ ಗೂಡನ್ನೂ ತಿನ್ನುತ್ತದೆ.

"ಕಾಕಾ, ಸರಪಳಿಗೆ ಎಣ್ಣೆ ಹಾಕುವುದು ನಿಲ್ಲಿಸಿ ಎಷ್ಟು ದಿನವಾಯಿತು?"

ಅವರು ಮುಚ್ಚಿಡಲಿಲ್ಲ. "ಮೊದಲ ವರ್ಷ ಹಾಕುತ್ತಿದ್ದೆ ಸರ್. ಎಣ್ಣೆ ಹಾಕಿದರೆ ಹುಡಿ ಅಂಟಿಕೊಂಡು ಕರಿಯ ರಾಡಿ ಆಗುತ್ತದೆ. ಅದಕ್ಕಿಂತ ಒಣಗಿದ್ದರೇ ಸ್ವಚ್ಛ ಎಂದು ಬಿಟ್ಟೆ."

ಅವರ ಮಾತಿನಲ್ಲಿ ಅರ್ಧ ಸರಿ ಇದೆ. ಎಣ್ಣೆ ಮತ್ತು ಕಲ್ಲಿನ ಹುಡಿ ಸೇರಿದರೆ ಉಜ್ಜುವ ಲೇಪವಾಗುತ್ತದೆ. ಫರಸಿಗೆ ಹೊಳಪು ತರುವ ಕೆಲಸವನ್ನೇ ಅದು ಕೊಂಡಿಗಳ ನಡುವೆ ಮಾಡುತ್ತದೆ. ಆದರೆ ಒಣ ಸರಪಳಿಯಲ್ಲಿ ಉಕ್ಕು ನೇರವಾಗಿ ಉಕ್ಕನ್ನೇ ತಿನ್ನುತ್ತದೆ, ಅದು ಇನ್ನೂ ಬೇಗ. ಎಣ್ಣೆ ಬಿಟ್ಟದ್ದು ತಪ್ಪು. ತೊಳೆಯದೆ ಎಣ್ಣೆ ಹಾಕಿದ್ದೂ ತಪ್ಪು. ಕಾಕಾ ಅದನ್ನು ಒಂದೇ ಸಲಕ್ಕೆ ಒಪ್ಪಿಕೊಂಡರು. ಹೀಗೆ ತಾವಾಗಿ ಯೋಚಿಸಿ ತಪ್ಪಿದವರಿಗೆ ಕಾರಣ ತಿಳಿಸಿದರೆ ಸಾಕು, ಗದರಿಸುವ ಅಗತ್ಯವಿಲ್ಲ.

ಅಷ್ಟಕ್ಕೇ ಮುಗಿಸಿ ಹೊಸ ಸರಪಳಿ ಬರೆದುಕೊಟ್ಟು ಹೋಗಬಹುದಿತ್ತು. ಆದರೆ ಏಣಿ ಇಳಿಯುವಾಗ ಹಾಯಿಸ್ಟಿನ ತಳದಲ್ಲಿ, ಕೊಕ್ಕೆಯ ಬ್ಲಾಕು ಮೇಲೆ ಬಂದು ಮುಟ್ಟುವ ಜಾಗದಲ್ಲಿ, ಬಣ್ಣ ಹಾರಿ ಕಬ್ಬಿಣ ನಗ್ಗಿದ ಗುರುತು ಕಂಡಿತು. ಕೊಕ್ಕೆ ತುದಿ ತಲುಪಿದಾಗ ಮೋಟಾರನ್ನು ನಿಲ್ಲಿಸುವ ಮೇಲಿನ ಲಿಮಿಟ್ ಸ್ವಿಚ್ ಸರಿಯಾಗಿದ್ದರೆ ಬ್ಲಾಕು ಅಲ್ಲಿಗೆ ಬಂದು ಬಡಿಯಲು ಸಾಧ್ಯವಿಲ್ಲ.

"ಮೇಲೆ ಹೋದಾಗ ತಾನಾಗಿ ನಿಲ್ಲುತ್ತದೆಯೇ?" ಎಂದು ಕೇಳಿದೆ.

"ಇಲ್ಲ ಸರ್, ನಾನೇ ಗುಂಡಿ ಬಿಡುತ್ತೇನೆ. ನಾಲ್ಕೈದು ಸಲ ಮರೆತು ಬಡಿದಿದೆ. ಗರ್ರ್ ಎಂದು ಸುತ್ತಿತು, ಬಿಟ್ಟೆ."

ಗರ್ರ್ ಎಂದು ಸುತ್ತಿದ್ದು ಒಳಗಿನ ಸ್ಲಿಪ್ ಕ್ಲಚ್. ಮಿತಿ ಮೀರಿದ ಎಳೆತ ಬಂದಾಗ ಅದು ಜಾರಿ ಸರಪಳಿಯನ್ನು ಉಳಿಸುತ್ತದೆ. ಕೊನೆಯ ಕಾವಲು ಅದು. ಅದಕ್ಕಿಂತ ಮೊದಲಿನ ಕಾವಲು ಯಾಕೆ ಮಲಗಿದೆ ಎಂಬುದನ್ನು ತಿಳಿಯದೆ ನಾನು ಅಲ್ಲಿಂದ ಕದಲುವಂತಿರಲಿಲ್ಲ.

ಐಸೊಲೇಟರಿನ ಬೀಗ ತೆಗೆದು, ಭಾರವಿಲ್ಲದ ಕೊಕ್ಕೆಯನ್ನು ನಡುಮಟ್ಟದಲ್ಲಿ ನಿಲ್ಲಿಸಿಕೊಂಡೆ. ಏಣಿಯ ಮೇಲಿಂದ ಉದ್ದನೆಯ ಒಣ ಕಟ್ಟಿಗೆಯಲ್ಲಿ ಮೇಲಿನ ಲಿಮಿಟ್ ಸ್ವಿಚ್ಚಿನ ಸನ್ನೆಯನ್ನು ಒತ್ತಿ ಹಿಡಿದು, ಕಾಕಾಗೆ ಏರು ಗುಂಡಿ ಒತ್ತಲು ಹೇಳಿದೆ. ಕೊಕ್ಕೆ ನಿಲ್ಲಬೇಕಿತ್ತು. ನಿಲ್ಲದೆ ಏರಿತು. ಸ್ವಿಚ್ ಒಳಗೆ ಕ್ಲಿಕ್ ಎಂದದ್ದು ನನಗೆ ಕೇಳಿಸಿತ್ತು, ಅಂದರೆ ಸ್ವಿಚ್ ಕೆಟ್ಟಿಲ್ಲ. ಸನ್ನೆಯನ್ನು ಹಾಗೆಯೇ ಹಿಡಿದು ಇಳಿ ಗುಂಡಿ ಒತ್ತಿಸಿದೆ. ಕೊಕ್ಕೆ ಅಲುಗಲಿಲ್ಲ.

ಮೇಲಿನ ಲಿಮಿಟ್ ಇಳಿಯುವುದನ್ನು ತಡೆಯುತ್ತಿದೆ! ಏರು, ಇಳಿ ಗುಂಡಿಗಳಿರುವ ಕೈಪೆಟ್ಟಿಗೆಯ, ಅಂದರೆ ಪೆಂಡೆಂಟಿನ, ಮುಚ್ಚಳ ಬಿಚ್ಚುವ ಮೊದಲೇ ಉತ್ತರ ತಿಳಿಯಿತು. ಬಿಚ್ಚಿದೆ. ಏರು ಮತ್ತು ಇಳಿ ಗುಂಡಿಗಳ ಎರಡು ತಂತಿಗಳು ಅದಲು ಬದಲಾಗಿದ್ದವು, ಮೇಲೆ ಹೊಸ ಇನ್ಸುಲೇಶನ್ ಟೇಪು.

ಕತೆ ಹೀಗಿತ್ತು. ಎರಡು ವರ್ಷದ ಹಿಂದೆ ಹೊಸ ಪಾಲಿಶ್ ಯಂತ್ರ ಬಂದಾಗ ಶೆಡ್ಡಿಗೆ ಹೊಸ ಕೇಬಲ್ ಎಳೆದರು. ಎಳೆಯುವಾಗ ಮೂರು ಫೇಸುಗಳಲ್ಲಿ ಎರಡು ಹಿಂದುಮುಂದಾದವು. ಮೂರು ಫೇಸಿನ ಮೋಟಾರು ಆಗ ತಿರುಗುಮುರುಗಾಗಿ ಸುತ್ತುತ್ತದೆ. ಏರು ಒತ್ತಿದರೆ ಕೊಕ್ಕೆ ಇಳಿಯತೊಡಗಿತು. ವೈರಿಂಗ್ ಮಾಡಿದವರಿಗೆ ಕೈಗೆ ಎಟುಕಿದ್ದು ಪೆಂಡೆಂಟ್. ಅದರೊಳಗಿನ ಎರಡು ಸಣ್ಣ ತಂತಿಗಳನ್ನು ಬದಲಿಸಿದರು. ಏರು ಒತ್ತಿದರೆ ಏರಿತು, ಇಳಿ ಒತ್ತಿದರೆ ಇಳಿಯಿತು. ಎಲ್ಲರೂ ಸರಿಯಾಯಿತು ಎಂದರು.

ಆದರೆ ಲಿಮಿಟ್ ಸ್ವಿಚ್ಚಿಗೆ ಗುಂಡಿಯ ಮೇಲಿನ ಬಾಣ ಗೊತ್ತಿಲ್ಲ. ಮೇಲಿನ ಲಿಮಿಟ್ ಏರಿಸುವ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಿನ) ದಾರಿಯನ್ನು ಕಡಿಯುತ್ತದೆ, ಕೆಳಗಿನದು ಇಳಿಸುವ ಕಾಂಟ್ಯಾಕ್ಟರಿನ ದಾರಿಯನ್ನು. ಈಗ ಏರು ಗುಂಡಿ ಒತ್ತಿದಾಗ ಕೆಲಸ ಮಾಡುತ್ತಿದ್ದುದು ಇಳಿಸುವ ಕಾಂಟ್ಯಾಕ್ಟರ್, ಅದು ತಿರುಗುಮುರುಗು ಫೇಸಿನಿಂದಾಗಿ ಏರಿಸುತ್ತಿತ್ತು. ಕೊಕ್ಕೆ ಮೇಲೆ ಹೋಗಿ ಸನ್ನೆಯನ್ನು ಒತ್ತಿದರೂ, ಕಡಿಯುತ್ತಿದ್ದುದು ಇಳಿ ಗುಂಡಿಯ ದಾರಿ, ಏರು ಗುಂಡಿಯದಲ್ಲ. ಎರಡು ವರ್ಷ ಆ ಕೊಕ್ಕೆಗೆ ಮೇಲೂ ಕೆಳಗೂ ತಡೆಯೇ ಇರಲಿಲ್ಲ. ಕ್ಲಚ್ ಬಿಗಿಯಾಗಿದ್ದಿದ್ದರೆ, ಹಿಗ್ಗಿದ ಆ ಸರಪಳಿ ಕಡಿದು, ಕೆಳಗೆ ಕೈಬಂಡಿ ಹಿಡಿದು ನಿಂತ ಹುಡುಗನ ಮೇಲೆ ಬೀಳುವುದಕ್ಕೆ ಒಂದು ಮರೆವು ಸಾಕಿತ್ತು. ಇದನ್ನು ಬರೆಯುವಾಗಲೂ ನನ್ನ ಕೈ ತಣ್ಣಗಾಗುತ್ತದೆ.

ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಪೆಂಡೆಂಟಿನ ತಂತಿಗಳನ್ನು ಮೊದಲಿದ್ದ ಜಾಗಕ್ಕೆ ಸೇರಿಸಿ, ಐಸೊಲೇಟರಿಗೆ ಬರುವ ಕೇಬಲನ್ನು ಮೂಲ ಪ್ಯಾನೆಲ್ಲಿನಲ್ಲಿ ಆರಿಸಿ, ಮೂರರಲ್ಲಿ ಎರಡು ಫೇಸುಗಳನ್ನು ಬದಲಿಸಿದೆ. ಹಾಯಿಸ್ಟಿನ ದಿಕ್ಕು ತಿರುಗಿದರೆ ಮುಟ್ಟಬೇಕಾದ್ದು ಬರುವ ಕರೆಂಟಿನ ತುದಿಯನ್ನು; ಹಾಯಿಸ್ಟಿನೊಳಗಿನ ತಂತಿಯನ್ನಲ್ಲ, ಪೆಂಡೆಂಟಿನದನ್ನಂತೂ ಅಲ್ಲವೇ ಅಲ್ಲ. ಮತ್ತೆ ಕಟ್ಟಿಗೆ ಹಿಡಿದು ಒತ್ತಿದೆ. ಕೊಕ್ಕೆ ನಿಂತಿತು.

ಉಳಿದದ್ದರಲ್ಲಿ ಕೊಕ್ಕೆ ದೊಡ್ಡ ವಿಷಯ. ಕೊಕ್ಕೆಯ ಬಾಯಿಯ ಎರಡೂ ಬದಿಗೆ ಕಾರ್ಖಾನೆಯಲ್ಲೇ ಚುಕ್ಕೆ ಗುರುತು ಹಾಕಿರುತ್ತಾರೆ. ಇದರಲ್ಲಿ ಚುಕ್ಕೆಯಿಂದ ಚುಕ್ಕೆಗೆ 50 ಮಿಲಿಮೀಟರ್ ಇರಬೇಕಿತ್ತು, 53.5 ಇತ್ತು. ಶೇಕಡಾ 5ಕ್ಕಿಂತ ಹೆಚ್ಚು ಬಾಯಿ ತೆರೆದ ಕೊಕ್ಕೆಯನ್ನು ಬಳಸಬಾರದು, ಇದು 7. ಕೊಕ್ಕೆಯ ಬಾಯಿ ಮುಚ್ಚುವ ಲ್ಯಾಚ್ ಮುರಿದು ಬೈಂಡಿಂಗ್ ತಂತಿ ಸುತ್ತಿದ್ದರು. ಕೊಕ್ಕೆ ತಾನಾಗಿ ಬಾಯಿ ತೆರೆಯುವುದಿಲ್ಲ. ಒಂದೋ ಭಾರ ಹೆಚ್ಚಾಗಿರಬೇಕು, ಇಲ್ಲವೇ ಭಾರ ಕೊಕ್ಕೆಯ ಹೊಟ್ಟೆಯಲ್ಲಿ ಕೂರದೆ ತುದಿಯ ಮೇಲೆ ಕೂತಿರಬೇಕು. ಇಲ್ಲಿ ಎರಡೂ ಆಗಿದ್ದವು. ಚೌಕಟ್ಟಿನ ಮೇಲಿನ ಹಿಡಿಯನ್ನು ದಪ್ಪ ಆ್ಯಂಗಲ್ ಕಬ್ಬಿಣದಿಂದ ಮಾಡಿದ್ದರು, ಅದು ಕೊಕ್ಕೆಯ ಹೊಟ್ಟೆಗೆ ಇಳಿಯುತ್ತಲೇ ಇರಲಿಲ್ಲ.

ಭಾರದ ಲೆಕ್ಕವನ್ನು ಮಾಲೀಕರ ಎದುರಿಗೇ ಹಾಕಿದೆ. ಎರಡಡಿ ಚೌಕದ, 25 ಮಿಲಿಮೀಟರ್ ದಪ್ಪದ ಒಂದು ಫರಸಿ 24ರಿಂದ 25 ಕಿಲೋ ತೂಗುತ್ತದೆ. ಅವರು ನಲವತ್ತು ನಿಲ್ಲಿಸುತ್ತಿದ್ದರು, ಲೆಕ್ಕ ಇಡಲು ಸುಲಭವೆಂದು. ಫರಸಿಯೇ ಒಂದು ಟನ್ನಿನ ಹತ್ತಿರ ಬಂತು. ಚೌಕಟ್ಟಿನ ತೂಕವನ್ನು ಯಾರೂ ಎಣಿಸಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ಹೇರಿ ತೂಕದ ಕಾಟಾಕ್ಕೆ ಕಳಿಸಿದಾಗ ಚೌಕಟ್ಟು ಸಹಿತ 1,080 ಕಿಲೋ ಬಂತು. ಮಾಲೀಕರು ಚೀಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. ಅವರು ಕೆಟ್ಟವರಲ್ಲ, ಲೋಭಿಯೂ ಅಲ್ಲ. ಯಂತ್ರ ಎತ್ತಿತು, ಆದ್ದರಿಂದ ಎತ್ತಬಲ್ಲದು ಎಂದು ನಂಬಿದ್ದರು.

ಬ್ರೇಕ್ ಚೆನ್ನಾಗಿತ್ತು. ಗಿಯರ್ ಬಾಕ್ಸಿನ ಎಣ್ಣೆ ಬದಲಿಸಿದೆ, ಹಲ್ಲಿನ ಚೂರು ಏನೂ ಬರಲಿಲ್ಲ. ಪೆಂಡೆಂಟಿನ ರಬ್ಬರು ಹರಿದಿತ್ತು, ಒದ್ದೆ ಕೈಯಲ್ಲಿ ಹಿಡಿಯುವ ಶೆಡ್ಡಿನಲ್ಲಿ ಅದು ಸಲ್ಲದು. ಹೊಸದು ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿದೆ. ಬೀಮಿನ ಒಂದು ತುದಿಯ ತಡೆಯ ಬೋಲ್ಟ್ ಸಡಿಲವಾಗಿತ್ತು.

ಅಂದು ಸಂಜೆ ಹಾಯಿಸ್ಟಿಗೆ ಬೀಗ ಹಾಕಿ "ಬಳಸಬಾರದು" ಎಂಬ ಚೀಟಿ ಕಟ್ಟಿದೆ. ಅದರ ಮೇಲೆ ಮಾತು ನಡೆಯಿತು. ಸರಪಳಿಯನ್ನು ತಲೆಕೆಳಗು ಮಾಡಿ ಹಾಕಿದರೆ ಸವೆದ ಭಾಗ ಬೇರೆಡೆ ಹೋಗುವುದಲ್ಲ ಎಂದು ಮಾಲೀಕರು ಕೇಳಿದರು. ಹೋಗುತ್ತದೆ, ಆದರೆ ಭಾರವನ್ನು ಹೊರುತ್ತಲೇ ಇರುತ್ತದೆ ಇಲ್ಲವೇ ಇನ್ನೊಂದು ದಿನ ಚಕ್ರದ ಮೇಲೆ ಬರುತ್ತದೆ. ಕೊಕ್ಕೆಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮುಚ್ಚಿಸೋಣವೇ ಎಂದರು. ಕಾಯಿಸಿದ ಕ್ಷಣವೇ ಅದರ ಉಕ್ಕಿಗೆ ಕೊಟ್ಟ ಹದ ಹೋಗುತ್ತದೆ. ನೋಡಲು ಕೊಕ್ಕೆ, ಬಲದಲ್ಲಿ ಬರಿಯ ಕಬ್ಬಿಣ. ಅಂಗಡಿಯಲ್ಲಿ ಸಿಗುವ ಅಷ್ಟೇ ದಪ್ಪದ ಸಾದಾ ಸರಪಳಿ? ಅದು ಗೂಡಿನಲ್ಲಿ ಕೂರುವುದೂ ಇಲ್ಲ, ಆ ದರ್ಜೆಯ ಉಕ್ಕೂ ಅಲ್ಲ. ಮೂರಕ್ಕೂ ಇಲ್ಲವೆಂದೆ. ಹಾಯಿಸ್ಟ್ ಮಾಡಿದ ಕಂಪನಿಯದೇ ಸರಪಳಿ, ಸರಪಳಿಯ ಚಕ್ರ, ಲ್ಯಾಚ್ ಸಹಿತ ಕೊಕ್ಕೆ ಬರಲು ಒಂಬತ್ತು ದಿನ ಹಿಡಿಯಿತು. ಸವೆದ ಚಕ್ರದ ಮೇಲೆ ಹೊಸ ಸರಪಳಿ ಹಾಕಿದರೆ ಅದೂ ಬೇಗ ಹಾಳಾಗುತ್ತದೆ ಎಂಬುದಕ್ಕೇ ಚಕ್ರವನ್ನೂ ಬದಲಿಸಿದೆವು. ಒಂಬತ್ತು ದಿನ ಫರಸಿಗಳನ್ನು ಇಬ್ಬಿಬ್ಬರು ಕೈಯಲ್ಲೇ ಹೊತ್ತರು. ಆ ಬಿಸಿಲಿನಲ್ಲಿ ಅದು ಸಣ್ಣ ಕಷ್ಟವಲ್ಲ, ಯಾರೂ ಗೊಣಗಲಿಲ್ಲ.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಎತ್ತುವ ಯಂತ್ರಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಸಕ್ಷಮ ವ್ಯಕ್ತಿಯಿಂದ ಕೂಲಂಕಷವಾಗಿ ಪರೀಕ್ಷಿಸಿ ದಾಖಲೆ ಇಡಬೇಕೆಂದು ಹೇಳುತ್ತಿತ್ತು. ಮೂರು ವರ್ಷದಲ್ಲಿ ಅದು ಒಮ್ಮೆಯೂ ಆಗಿರಲಿಲ್ಲ. ಈ ಸಲ ಸಕ್ಷಮ ವ್ಯಕ್ತಿಯನ್ನು ಕರೆಸಿದರು. ಕಾಟಾದಲ್ಲಿ ತೂಗಿದ 1,250 ಕಿಲೋ ಭಾರವನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತಿ ಹಿಡಿದು ನಿಲ್ಲಿಸಿದರು. ಬ್ರೇಕ್ ಹಿಡಿಯಿತು, ಬೀಮ್ ಬಾಗಿ ಮರಳಿತು. ಅದಕ್ಕೂ ಮೇಲೆ ಕ್ಲಚ್ ಜಾರುವುದನ್ನು ನೋಡಿ ಸಹಿ ಹಾಕಿದರು.

ಚೌಕಟ್ಟನ್ನು ನಾವೇ ಬದಲಿಸಿದೆವು. ಮೂವತ್ತನಾಲ್ಕು ಫರಸಿಗಳಾದ ಮೇಲೆ ಮೂವತ್ತೈದನೆಯದು ಕೂರದಂತೆ ಅಡ್ಡ ಪಟ್ಟಿ ಬೆಸೆದೆವು. ಎಣಿಸುವ ಕೆಲಸವನ್ನು ಗಡಿಬಿಡಿಯಲ್ಲಿರುವ ಹುಡುಗರಿಗೆ ಬಿಡುವುದಕ್ಕಿಂತ ಕಬ್ಬಿಣಕ್ಕೆ ಬಿಡುವುದು ಒಳ್ಳೆಯದು. ಹಿಡಿಗೆ ಡಿ ಶ್ಯಾಕಲ್ (ಡಿ ಆಕಾರದ ಉಕ್ಕಿನ ಬಳೆ) ಹಾಕಿದೆವು, ಈಗ ಭಾರ ಕೊಕ್ಕೆಯ ಹೊಟ್ಟೆಯಲ್ಲೇ ಕೂರುತ್ತದೆ. ಎಣ್ಣೆ ವಾರಕ್ಕೊಮ್ಮೆ, ಶನಿವಾರ ಸಂಜೆ: ಐಸೊಲೇಟರ್ ಆರಿಸಿ ಬ್ರಷ್ಷಿನಿಂದ ಹುಡಿ ಉದುರಿಸುವುದು, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುವುದು, ಒಣಗಿದ ಮೇಲೆ ಭಾರವಿಲ್ಲದ ಸಡಿಲ ಸರಪಳಿಯ ಕೂಡುವ ಜಾಗಗಳಿಗೆ ತೆಳು ಎಣ್ಣೆ ಬಿಡುವುದು, ಹೊರಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆಯುವುದು. ಎಣ್ಣೆ ಇರಬೇಕಾದ್ದು ಕೊಂಡಿಗಳ ನಡುವೆ, ಹುಡಿ ಹಿಡಿಯುವ ಮೈಮೇಲಲ್ಲ. ಸರಪಳಿಯ ಚೀಲಕ್ಕೆ ತಳದಲ್ಲಿ ನೀರು ಸೋರಲು ತೂತು ಮಾಡಿಸಿದೆವು.

ಹಳೆಯ ಸರಪಳಿಯನ್ನು ಲಾರಿಗೆ ಕಟ್ಟಲು ಆಗುತ್ತದೆ ಎಂದು ಒಬ್ಬರು ತೆಗೆದಿಡಲು ಹೊರಟಿದ್ದರು. ಗ್ಯಾಸ್ ಕಟರಿನಲ್ಲಿ ಗೇಣುದ್ದ ತುಂಡು ಮಾಡಿಸಿದೆ. ಹನ್ನೊಂದು ಕೊಂಡಿಯ ಎರಡು ತುಂಡುಗಳನ್ನು ಮಾತ್ರ ಉಳಿಸಿಕೊಂಡೆವು, ಒಂದು ಸವೆದ ಭಾಗದ್ದು, ಒಂದು ತುದಿಯದು. ಗೋಡೆಗೆ ಒಂದೇ ಮಟ್ಟದಲ್ಲಿ ಎರಡು ಮೊಳೆ ಹೊಡೆದು ನೇತುಹಾಕಿದೆವು. ಕೆಳಗೆ ಒಂದು ಇನ್ನೊಂದಕ್ಕಿಂತ ಆರು ಮಿಲಿಮೀಟರ್ ಇಳಿದಿದೆ. ಓದು ಬಾರದವರಿಗೂ ಅದು ಕಾಣುತ್ತದೆ.

ಬೆಳಗಿನ ಪರೀಕ್ಷೆಯನ್ನು ಕಾಕಾಗೆ ಒಪ್ಪಿಸಿದೆವು. ಖಾಲಿ ಕೊಕ್ಕೆಯನ್ನು ಗುಂಡಿ ಮುಟ್ಟಿ ಮುಟ್ಟಿ ನಿಧಾನವಾಗಿ ಮೇಲಕ್ಕೆ ಒಯ್ದು ತಾನಾಗಿ ನಿಲ್ಲುತ್ತದೆಯೇ ನೋಡುವುದು, ಹಾಗೆಯೇ ಕೆಳಗೆ, ಮತ್ತೆ ಲ್ಯಾಚ್, ಸರಪಳಿಯ ತಿರುಚು, ಬ್ರೇಕ್. ಒಂದು ನೋಟ್ ಬುಕ್ಕಿನಲ್ಲಿ ದಿನಕ್ಕೊಂದು ಸಾಲು.

ಆರು ತಿಂಗಳ ನಂತರ ಅಳತೆಗೆ ಮತ್ತೆ ಹೋದೆ. ದುಡಿಯುವ ಭಾಗದ ಹನ್ನೊಂದು ಕೊಂಡಿಗಳು 231.5 ಇದ್ದವು. ಕಾಕಾ ನೋಟ್ ಬುಕ್ ತಂದು ಕೊಟ್ಟರು. ಪುಟಕ್ಕೆ ಪುಟ ಒಂದೇ ಸಾಲು: "ಮೇಲೆ ನಿಂತಿತು, ಕೆಳಗೆ ನಿಂತಿತು." ಮಳೆಗಾಲದ ಒಂದು ದಿನದ ಸಾಲು ಬೇರೆ ಇತ್ತು: "ಮೇಲೆ ನಿಲ್ಲಲಿಲ್ಲ. ಬೀಗ ಹಾಕಿದೆ." ಸನ್ನೆಯ ಕೀಲಿನಲ್ಲಿ ಕೆಸರು ಒಣಗಿ ಅದು ಅಲುಗದಂತಾಗಿತ್ತಂತೆ. ಅಂದು ಮಾಲು ಒಯ್ಯಲು ಲಾರಿ ಬಂದು ಬಾಗಿಲಲ್ಲಿ ನಿಂತಿತ್ತು. ಮಾಲೀಕರು ಲಾರಿಯವನಿಗೆ ಚಹಾ ತರಿಸಿ ಕೂರಿಸಿ, ವೈರ್‌ಮನ್ನನ್ನು ಕರೆಸಿದರು. ಕೀಲು ತೊಳೆದು, ಮೂರು ಸಲ ಪರೀಕ್ಷಿಸಿ, ಹನ್ನೊಂದು ಗಂಟೆಗೆ ಕಾಕಾ ಬೀಗ ತೆಗೆದರು. ಅದರ ಕೆಳಗೆ ಅದೇ ದಿನಾಂಕದಲ್ಲಿ ಇನ್ನೊಂದು ಸಾಲು, ಅಕ್ಷರ ಸ್ವಲ್ಪ ದಪ್ಪ: "ಮೇಲೆ ನಿಂತಿತು."